ಬ್ಯಾರನ್‌ನಲ್ಲಿ ಬೆಂದ ಕಂಪ್ಯೂಟರ್

ಆಕಾಶಕ್ಕೆ ಹಾರಬೇಕಾದ ಕಂಪ್ಯೂಟರನ್ನು ಮೊದಲು ನೆಲದ ಮೇಲೆ ಚೆನ್ನಾಗಿ ಹಿಂಸಿಸಬೇಕು. ನಡುಗಿಸಬೇಕು, ಕಾಯಿಸಬೇಕು, ಹೆಪ್ಪುಗಟ್ಟುವಷ್ಟು ತಣ್ಣಗಾಗಿಸಬೇಕು, ಗಾಳಿಯೇ ಇಲ್ಲದ ಡ್ರಮ್ಮಿನಲ್ಲಿ ಕೂಡಿಹಾಕಬೇಕು. ಸಾಯುವ ಬಿಡಿಭಾಗ ಇದ್ದರೆ ಇಲ್ಲೇ ಸಾಯಲಿ ಎಂಬ ಲೆಕ್ಕ. ಪ್ರತಿಯೊಂದು ಹಿಂಸೆಗೂ ಒಂದು ಹೆಸರಿದೆ, ಒಂದು ವಿಧಾನವಿದೆ, ಕೊನೆಗೆ ಒಂದು ಸಹಿಯಿದೆ. ಮನುಷ್ಯರನ್ನು ಹಿಂಸಿಸಲು ಇಷ್ಟೆಲ್ಲ ಶಿಸ್ತು ಬೇಡ, ಬಾಯಿಗೆ ಬಂದದ್ದು ಬೈದರೆ ಸಾಕು ಅಂದುಕೊಂಡಿದ್ದೆ. ಅದಕ್ಕೂ ವಿಧಾನವಿದೆ ಎಂದು ಕಲಿತದ್ದು ಹುಣಸೂರಿನಲ್ಲಿ.

ನಮ್ಮ ಕಂಪನಿ ಇರುವುದು ಹುಣಸೂರಿನ ಹೊರಗೆ, ಹಿಂದೆ ಹೊಗೆಸೊಪ್ಪಿನ ಗೋದಾಮಾಗಿದ್ದ ಕಟ್ಟಡದಲ್ಲಿ. ಹೊರಗಿನಿಂದ ನೋಡಿದರೆ ಈಗಲೂ ಗೋದಾಮೇ. ಒಳಗೆ ಹೋಗಬೇಕಾದರೆ ಮಾತ್ರ ಚಪ್ಪಲಿ ಬಿಟ್ಟು, ಕೋಟು ತೊಟ್ಟು, ತಲೆಗೆ ಟೋಪಿ ಹಾಕಿ, ಕೈಗೆ ಗ್ಲೌಸ್ ಏರಿಸಿಕೊಳ್ಳಬೇಕು. ಅಲ್ಲಿ ನಾವು ಉಪಗ್ರಹದ ಒಳಗೆ ಕೂರುವ ಕಂಪ್ಯೂಟರ್ ತಯಾರಿಸುತ್ತೇವೆ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ಪೆಟ್ಟಿಗೆ. ಎಲ್ಲರೂ ಅದನ್ನು ಬಾಕ್ಸ್ ಎನ್ನುತ್ತೇವೆ.

ಬಾಕ್ಸಿನ ಮುಖ್ಯ ಚಿಪ್ ನನ್ನ ಹೊಣೆ. ಮಾಮೂಲಿ ಚಿಪ್‌ನ ಒಳಗಿನ ಜೋಡಣೆ ಕಾರ್ಖಾನೆಯಲ್ಲೇ ನಿಗದಿಯಾಗಿ ಬರುತ್ತದೆ, ಸಾಯುವ ತನಕ ಅದು ಅಷ್ಟೇ. ನಮ್ಮ ಚಿಪ್ ಹಾಗಲ್ಲ. ಒಂದು ಫೈಲ್ ಕಳುಹಿಸಿದರೆ ಒಳಗಿನ ದಾರಿಗಳೆಲ್ಲ ಬದಲಾಗಿ ಅದು ಬೇರೆಯೇ ಯಂತ್ರವಾಗುತ್ತದೆ. ಉಪಗ್ರಹ ಮೇಲೆ ಸುತ್ತುತ್ತಿರುವಾಗಲೂ ಹಾಗೆ ಬದಲಿಸಬಹುದು. ನಮ್ಮೂರು ಕೆ.ಆರ್. ನಗರದ ಕಡೆ, ಚುಂಚನಕಟ್ಟೆಯ ಹತ್ತಿರ. ಅಪ್ಪ ಗದ್ದೆಗೆ ನೀರು ಹಾಯಿಸುವಾಗ ಒಂದು ಕಡೆ ಬದು ಕಡಿದು ಇನ್ನೊಂದು ಕಡೆ ಮಣ್ಣು ಮೆತ್ತಿ, ನೀರನ್ನು ಬೇಕಾದ ಮಡಿಗೆ ತಿರುಗಿಸುತ್ತಿದ್ದರು. ನನ್ನ ಕೆಲಸ ಏನೆಂದು ಅವರು ಕೇಳಿದಾಗ ಇದನ್ನೇ ಹೇಳಿದೆ. “ಅದಕ್ಕೆ ಇಂಜಿನಿಯರಿಂಗ್ ಯಾಕವ್ವ ಓದ್ದೆ?” ಎಂದರು.

ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಸಾಲ್ಡರ್ ಮಾಡುತ್ತಿದ್ದವರು ಅಕ್ಕ. ಪಿರಿಯಾಪಟ್ಟಣದ ಕಡೆಯ ಹಳ್ಳಿಯವರು, ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ, ಸೊಪ್ಪು ಬೇಯಿಸಲು ತಮ್ಮದೇ ಬ್ಯಾರನ್. ಆಕಾಶಕ್ಕೆ ಹಾರುವ ಬೋರ್ಡುಗಳಿಗೆ ಯಾರು ಬೇಕೋ ಅವರು ಸಾಲ್ಡರ್ ಹಾಕುವಂತಿಲ್ಲ. ಅದಕ್ಕೆ ತರಬೇತಿ, ಪರೀಕ್ಷೆ ಇವೆ. ಪಾಸಾದವರಿಗೆ ಅವರದೇ ನಂಬರಿನ ಒಂದು ಪುಟ್ಟ ಮುದ್ರೆ ಇರುತ್ತದೆ. ಮುಗಿದ ಕೆಲಸದ ಕಾರ್ಡಿನ ಮೇಲೆ ಆ ಮುದ್ರೆ ಒತ್ತಬೇಕು. ನಮ್ಮಲ್ಲಿ ಆ ಮುದ್ರೆ ಇದ್ದದ್ದು ಅಕ್ಕನ ಹತ್ತಿರ ಮಾತ್ರ. ಅವರು ತಗ್ಗಿಬಗ್ಗಿ ನಡೆಯುವ ಪೈಕಿ ಅಲ್ಲ. ತಮ್ಮ ಕೆಲಸದ ಬಗ್ಗೆ ಊರೆಲ್ಲ ಜಂಬ ಕೊಚ್ಚುತ್ತಿದ್ದರು, ಚಹಾ ತಣ್ಣಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು, ನನ್ನ ಡ್ರಾಯಿಂಗಿನಲ್ಲಿ ತಪ್ಪು ಸಿಕ್ಕರೆ ವಾರಗಟ್ಟಲೆ ಆಡಿಕೊಳ್ಳುತ್ತಿದ್ದರು. ನನಗೆ ಅವರೆಂದರೆ ಇಷ್ಟ. ಜಗಳವಾಡುವವರ ಜೊತೆ ಕೆಲಸ ಮಾಡುವುದು ಸಲೀಸು.

ಜಗಳವಾಡದವರು ನಮ್ಮ ಮಾಲೀಕರು. ಎಚ್.ಡಿ. ಕೋಟೆಯ ಕಡೆ ಸಾಕಷ್ಟು ಜಮೀನಿರುವ ಮನೆತನ. ಎಲ್ಲರೂ ಸರ್ ಎನ್ನುತ್ತಿದ್ದೆವು. ಅವರು ದನಿ ಎತ್ತಿದ್ದನ್ನು ನಾನು ಕೇಳಿಯೇ ಇಲ್ಲ. ವಯಸ್ಸಿನಲ್ಲಿ ದೊಡ್ಡವರಾದರೂ ಅವರೂ ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕಟ್ಟಡದ ಹಿಂದೆ ನಿಂತು ಸಿಗರೇಟು ಸೇದಿ, ಏಲಕ್ಕಿ ಬಾಯಿಗೆ ಹಾಕಿಕೊಂಡು, ನಗುತ್ತಾ ಒಳಗೆ ಬರುತ್ತಿದ್ದರು.

ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಚಿಕ್ಕ ಉಪಗ್ರಹಕ್ಕೆ ನಾವು ಬಾಕ್ಸ್ ಕೊಡಬೇಕಿತ್ತು. ಉಪಗ್ರಹದ ಕ್ಯಾಮೆರಾ ತೆಗೆದ ಚಿತ್ರಗಳಲ್ಲಿ ಮೋಡ ಮುಚ್ಚಿದವನ್ನು ಮೇಲೆಯೇ ಬೇರ್ಪಡಿಸಿ, ಚೊಕ್ಕ ಇರುವವನ್ನಷ್ಟೇ ಕೆಳಗೆ ಕಳುಹಿಸುವುದು ಅದರ ಕೆಲಸ. ಬೋರ್ಡುಗಳು ಮುಗಿದು, ಮುಚ್ಚಳ ಬಿಗಿದು, ಇನ್ನು ಬಿಸಿಯಲ್ಲಿ ವಾರವಿಡೀ ಓಡಿಸಿ ನೋಡಬೇಕು ಎನ್ನುವಾಗ ನಮ್ಮ ಹೀಟ್ ಚೇಂಬರ್ ಕೆಟ್ಟಿತು. ಬಿಡಿಭಾಗ ಹೊರದೇಶದಿಂದ ಬರಬೇಕು. ಮೈಸೂರಿನಲ್ಲಿ ವಿಚಾರಿಸಿದರೆ ಇದ್ದ ಚೇಂಬರು ಬೇರೆಯವರಿಗೆ ಬುಕ್ಕಾಗಿತ್ತು. ರಾಕೆಟ್ಟಿನಲ್ಲಿ ಹತ್ತಾರು ಉಪಗ್ರಹಗಳ ಜೊತೆ ನಮ್ಮದಕ್ಕೊಂದು ಸೀಟು. ನಾವು ತಡ ಮಾಡಿದರೆ ಅದು ನಮಗಾಗಿ ಕಾಯುವುದಿಲ್ಲ.

ಊಟದ ಹೊತ್ತಿನಲ್ಲಿ ಸರ್ ಅಕ್ಕನ ಪಕ್ಕ ಬಂದು ಕೂತರು.

“ಅಕ್ಕ, ನಿಮ್ಮ ಬ್ಯಾರನ್ ಈಗ ಖಾಲಿ ಇದ್ಯಾ?”

“ಖಾಲಿನೇಯ ಸಾರ್. ಸೊಪ್ಪು ಬೇಯ್ಸಿ ಮುಗೀತಲ್ಲ, ಈಗ ವಿಂಗಡ್ಸೋದು ನಡೀತಾ ಅದೆ. ಯಾಕೆ?”

“ಬಿಸಿ ಎಷ್ಟೊತ್ತು ಒಂದೇ ಸಮ ನಿಲ್ತದೆ?”

“ನಮ್ಮನೆಯವ್ರು ಕೂತ್ರೆ ವಾರ ಬೇಕಾದ್ರೂ ನಿಲ್ಲುಸ್ತಾರೆ. ಎಲೆ ನಡುವಿನ ಕಡ್ಡಿ ಒಣಗ್ಸೋವಾಗ ನೂರಾ ಅರವತ್ತರಲ್ಲಿ ಮಡಗ್ತಾರೆ. ಅತ್ಲಾಗೆ ಇತ್ಲಾಗೆ ಆದ್ರೆ ಸೊಪ್ಪು ಕೆಟ್ಟೋಯ್ತದಲ್ಲ ಸಾರ್.”

ಸರ್ ನನ್ನ ಕಡೆ ತಿರುಗಿ ನಕ್ಕರು. ಬ್ಯಾರನ್ನಿನ ಹಳೆಯ ಥರ್ಮಾಮೀಟರು ಫ್ಯಾರನ್‌ಹೀಟಿನದು. ಅಲ್ಲಿಯ ನೂರಾ ಅರವತ್ತೆಂದರೆ ನಮ್ಮ ಎಪ್ಪತ್ತು ಚಿಲ್ಲರೆ. ನಮಗೆ ಬೇಕಾದದ್ದೂ ಅಷ್ಟೇ. “ಧೂಳು ಸರ್” ಎಂದೆ. “ಬ್ಯಾಗಿನಲ್ಲಿ ಹಾಕಿ” ಎಂದರು. “ವಿಧಾನದಲ್ಲಿ ಇಲ್ಲ ಸರ್” ಎಂದೆ. “ವಿಧಾನದಲ್ಲಿ ಬಿಸಿ ಎಷ್ಟಿರಬೇಕು ಅಂತ ಇದೆ. ಬಿಸಿ ಯಾವ ಮನೇದು ಅಂತ ಎಲ್ಲಿದೆ?” ಎಂದರು. ಸಂಜೆ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ, ಬಾಕ್ಸ್ ಪಿರಿಯಾಪಟ್ಟಣದ ಹಾದಿ ಹಿಡಿಯಿತು.

ಎತ್ತರದ ಗೋಡೆಯ ಒಂದೇ ಕೋಣೆ, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಗಳಗಳು, ನೆಲದ ಮೇಲೆ ಹಾಯುವ ದಪ್ಪ ತಗಡಿನ ಕೊಳವೆ, ಹೊರಗೆ ಸೌದೆಯ ಒಲೆ, ಗೋಡೆಯಲ್ಲಿ ಇಣುಕಲು ಒಂದು ಗಾಜಿನ ಕಿಂಡಿ. ಬ್ಯಾರನ್ ಎಂದರೆ ಇಷ್ಟೇ. ಹಸಿ ಸೊಪ್ಪು ಇಲ್ಲಿ ಬೆಂದು ಹೊಂಬಣ್ಣಕ್ಕೆ ತಿರುಗುತ್ತದೆ. ನಾವು ನಡುವೆ ಮೇಜು ಹಾಕಿ, ಬಾಕ್ಸನ್ನು ಬ್ಯಾಗಿನಲ್ಲಿಟ್ಟು, ವೈರುಗಳನ್ನು ಬಾಗಿಲ ಸಂದಿಯಿಂದ ಹೊರಗೆಳೆದು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ವೈರು ಹೊರಬರುವ ಕಡೆ ಬ್ಯಾಗಿನ ಬಾಯಿ ಪೂರ್ತಿ ಮುಚ್ಚಲಿಲ್ಲ. ಬಾಕ್ಸಿಗೂ ಎಡಬದಿಯಲ್ಲಿ ಒಂದು ಸಣ್ಣ ರಂಧ್ರ ಇರುತ್ತದೆ, ರಾಕೆಟ್ ಏರುವಾಗ ಒಳಗಿನ ಗಾಳಿ ಹೊರಹೋಗಲಿ ಎಂದು. ಅಕ್ಕನ ಯಜಮಾನರು ಒಲೆಯ ಮುಂದೆ ಕೂತು ವಾರವಿಡೀ ಬಿಸಿಯನ್ನು ಗೆರೆ ಎಳೆದ ಹಾಗೆ ನಿಲ್ಲಿಸಿದರು. ನನ್ನ ಗ್ರಾಫ್ ನಮ್ಮ ಚೇಂಬರಿಗಿಂತ ನೆಟ್ಟಗಿತ್ತು. ಒಂದೂ ಎರರ್ ಬರಲಿಲ್ಲ.

ಸರ್ ಕುಣಿದಾಡಿಬಿಟ್ಟರು. ಬಾಕ್ಸಿನ ಪಕ್ಕದಲ್ಲಿ, ಗಳಗಳ ಕೆಳಗೆ, ಅಕ್ಕನನ್ನು ನಿಲ್ಲಿಸಿ ಫೋಟೊ ತೆಗೆದರು. ಕಚೇರಿಯಲ್ಲಿ ಎಲ್ಲರ ಎದುರು ಶಾಲು ಹೊದಿಸಿದರು. ಅಕ್ಕ ಆ ಶಾಲನ್ನು ಹೊದ್ದುಕೊಂಡೇ ಬಸ್ಸು ಹತ್ತಿದರು.

ನಾವೆಲ್ಲ ಮಾಡಿದ ತಪ್ಪು ಎಂಥದೆಂದರೆ, ಈ ಸೀಮೆಯವರು ಮಾತ್ರ ಮಾಡಬಹುದಾದದ್ದು. ಆ ಗೋಡೆಗಳು ವರ್ಷಾನುಗಟ್ಟಲೆ ಹೊಗೆಸೊಪ್ಪಿನ ಅಂಟು ಕುಡಿದಿದ್ದವು. ಬಿಸಿ ಏರಿದಾಗ ಅದು ಆವಿಯಾಗಿ ಬಿಡುತ್ತದೆ, ಸಿಕ್ಕಿದ್ದರ ಮೇಲೆ ಕೂರುತ್ತದೆ. ಹೊರಗಿನವರು ಯಾರಾದರೂ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ವಾಸನೆಯೇ ಅಲ್ಲ. ಹುಣಸೂರಿನಲ್ಲಿ ಗಾಳಿಯೆಂದರೆ ಅದೇ.

ಬೆಂಗಳೂರಿನಲ್ಲಿ, ಗಾಳಿ ತೆಗೆದ ಚೇಂಬರಿನಲ್ಲಿ ಬಾಕ್ಸನ್ನು ಕಾಯಿಸಿ ತಣಿಸಿ ಪರೀಕ್ಷಿಸಿದರು. ಮುಗಿದ ಮೇಲೆ ಬಾಗಿಲು ತೆರೆದ ಟೆಕ್ನಿಷಿಯನ್ ಹಿಂದೆ ಸರಿದು, “ಯಾರ್ರೀ ಒಳಗೆ ಕೂತು ಬೀಡಿ ಸೇದಿದ್ದು?” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವನು ಚೇಂಬರಿನೊಳಗಿನ ಪುಟ್ಟ ಗಾಜಿನ ಬಿಲ್ಲೆ ತೆಗೆದು ಬೆಳಕಿಗೆ ಹಿಡಿದ. ಬಾಕ್ಸಿನಿಂದ ಏನಾದರೂ ಹೊಮ್ಮಿದರೆ ತಿಳಿಯಲಿ ಎಂದು ಇಡುವ ಗಾಜು ಅದು. ತಿಳಿ ಕಂದು ಪೊರೆ ಕಟ್ಟಿತ್ತು. ಮೇಲೆ ಹೋದ ಮೇಲೆ ಆ ಪೊರೆ ಕಟ್ಟುವುದು ಪಕ್ಕದಲ್ಲೇ ಇರುವ ಕ್ಯಾಮೆರಾದ ಕಣ್ಣಿಗೆ.

ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆವು. ಗಾಳಿಯಿಲ್ಲದ ಬಿಸಿಯಲ್ಲಿ ಮತ್ತಷ್ಟು ಹೊತ್ತು ಇಟ್ಟರೆ ಪೊರೆ ಕಟ್ಟುವ ಆವಿಯೆಲ್ಲ ಹೊರಗೆ ಹೋಗುತ್ತದೆ, ಹೋಯಿತು ಕೂಡ. ಮುಂದಿನ ಗಾಜು ಚೊಕ್ಕವಾಗಿ ಬಂತು. ಆದರೆ ಮೆಮೊರಿಯಲ್ಲಿ ಎರರ್‌ಗಳು ಶುರುವಾದವು. ಬೋರ್ಡಿನ ಎಡಭಾಗದಲ್ಲಿ ಉಳಿದ ಅಂಟು ತೇವ ಹೀರಿ, ಪಕ್ಕಪಕ್ಕದ ಪಿನ್ನುಗಳ ನಡುವೆ ಕರೆಂಟು ಸೋರುವ ದಾರಿ ಮಾಡಿತ್ತು. ಬಾಕ್ಸ್ ಬಿಚ್ಚಿ, ತೊಳೆದು, ಅಕ್ಕನ ಕೈಯಲ್ಲಿ ಆ ಭಾಗವನ್ನು ಮತ್ತೆ ಸಾಲ್ಡರ್ ಮಾಡಿಸಿ, ಎಲ್ಲ ಹಿಂಸೆಗಳನ್ನೂ ಮೊದಲಿನಿಂದ ಮಾಡಬೇಕು. ಅಷ್ಟರಲ್ಲಿ ರಾಕೆಟ್ ಹೋಗಿರುತ್ತದೆ.

ಗ್ರಾಹಕರ ಕಡೆಯಿಂದ ಒಬ್ಬ ಪರಿಶೀಲಕರು ಬರುತ್ತಿದ್ದರು. ನಿವೃತ್ತಿಗೆ ಹತ್ತಿರದ, ಅಚ್ಚುಕಟ್ಟಾದ ಮನುಷ್ಯ. ಅವರ ಸಹಿ ಇಲ್ಲದೆ ಬಾಕ್ಸ್ ಹಾರುವಂತಿಲ್ಲ. “ಬಿಚ್ಚದೆ ಸರಿ ಮಾಡೋ ದಾರಿ ಇದ್ಯಾ?” ಎಂದು ಅವರು ಕೇಳಿದಾಗ ಸರ್ ನನ್ನ ಮುಖ ನೋಡಿದರು. ಇದೆ ಎಂದೆ. ಬಾಕ್ಸಿನಲ್ಲಿ ಎರಡು ಮೆಮೊರಿಗಳು. ಎಡಗಡೆಯದು ದುಡಿಯಲು, ಬಲಗಡೆಯದು ಸ್ಪೇರ್. ಚಿಪ್‌ನ ಒಳಜೋಡಣೆ ಬದಲಿಸಿ ಎಡವನ್ನು ಕೈಬಿಟ್ಟು ಬಲಕ್ಕೆ ಹೋಗಬಹುದು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಬರೀ ದಾರಿ ತಿರುಗಿಸಿದರೆ ಸಿಗ್ನಲ್ಲುಗಳು ಚಿಪ್‌ನ ಅಡ್ಡಗಲ ದಾಟಿ ತಲುಪುವಷ್ಟರಲ್ಲಿ ತಡವಾಗುತ್ತಿತ್ತು. ಒಂದು ಬದಲಾವಣೆ ಮಾಡಿ, ಅರ್ಧ ದಿನ ಕಾದು, ಪರದೆಯ ಮೇಲೆ ಕೆಂಪು ಸಾಲುಗಳನ್ನು ನೋಡುವುದು, ಮತ್ತೆ ಮೊದಲಿನಿಂದ. ಚಿತ್ರ ಬೇರ್ಪಡಿಸುವ ಭಾಗವನ್ನೇ ಕಿತ್ತು ಬಲಕ್ಕೆ ಸರಿಸಿದರೆ ಅಲ್ಲಿ ಜಾಗ ಸಾಲದು. ಆ ದಿನಗಳಲ್ಲಿ ನಾನು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಅಕ್ಕ ಮಾತ್ರ ಟೀ ತಂದಿಟ್ಟು, “ಒಳ್ಗಡೆ ನನ್ ಸಾಲ್ಡ್ರಿಂಗ್ ಕಲ್ಲಾಗಿ ನಿಂತದೆ. ನಿನ್ ಕಂಪ್ಯೂಟ್ರು ಲಟಕಾಸಿ ಕಣವ್ವ” ಎಂದು ಕಿಚಾಯಿಸಿ ಹೋಗುತ್ತಿದ್ದರು.

ಜಾಗ ಯಾಕೆ ಸಾಲದು ಎಂದು ಹೇಳಬೇಕು. ಮೇಲೆ ವಿಕಿರಣದ ಒಂದು ಕಣ ಬಡಿದರೆ ಚಿಪ್‌ನೊಳಗಿನ ಸೊನ್ನೆ ಒಂದಾಗಿಬಿಡಬಹುದು. ಅದಕ್ಕೆ ಪ್ರತಿ ಲೆಕ್ಕವನ್ನೂ ಮೂರು ಕಡೆ ಪ್ರತ್ಯೇಕವಾಗಿ ಮಾಡಿಸುತ್ತೇವೆ. ಮೂರರಲ್ಲಿ ಎರಡು ಏನು ಹೇಳುತ್ತವೋ ಅದೇ ಸರಿ, ಮೂರನೆಯದು ಸುಳ್ಳು ಎಂದು ತಳ್ಳಿಹಾಕುತ್ತೇವೆ. ಮೂರು ಪಟ್ಟು ಜಾಗ ತಿನ್ನುತ್ತಿದ್ದದ್ದು ಈ ಏರ್ಪಾಡು. ಕೊನೆಗೆ ನಿರ್ಧಾರ ಮಾಡಿದೆ: ಬಾಕ್ಸಿನ ಜೀವ ಕಾಯುವ ಭಾಗಕ್ಕೆ ಮೂರೂ ಇರಲಿ, ಚಿತ್ರ ಬೇರ್ಪಡಿಸುವ ಭಾಗಕ್ಕೆ ಒಂದೇ ಸಾಕು. ಒಂದು ಮೋಡದ ಚಿತ್ರ ತಪ್ಪಿ ಕೆಳಗೆ ಬಂದರೆ ಯಾರೂ ಸಾಯುವುದಿಲ್ಲ. ಕೆಂಪು ಸಾಲುಗಳು ಹೋದವು. ಪರಿಶೀಲನಾ ಸಭೆಯ ದಿನ ಬೆಳಿಗ್ಗೆ ಫೈಲನ್ನು ಗ್ರಾಹಕರ ಸರ್ವರಿಗೆ ನಾನೇ ಏರಿಸಿದೆ. ಏರಿಸುವಾಗ ಹಾಡು ಗುನುಗುತ್ತಿದ್ದೆ.

ಮಧ್ಯಾಹ್ನ ಹುಣಸೂರಿನಲ್ಲೇ ಸಭೆ. ಪರಿಶೀಲಕರು ನನ್ನ ಕೆಲಸವನ್ನು ಒಪ್ಪಿದರು, ಹೊಗಳಿದರು. ಆಮೇಲೆ ಕನ್ನಡಕ ಒರೆಸಿಕೊಂಡು, “ಇನ್ನು ಕಾರಣ ಒಂದು ಬೇಕು. ಅಂಟು ಒಳಗೆ ಹೇಗೆ ಬಂತು?” ಎಂದರು. ನಾನು ಬ್ಯಾರನ್ ಎಂದು ಬಾಯಿ ತೆರೆಯುವಷ್ಟರಲ್ಲಿ ಸರ್ ಅಕ್ಕನಿಗೆ ಹೇಳಿಕಳುಹಿಸಿದರು. ಅವರು ಕೋಟು ಟೋಪಿಯಲ್ಲೇ ಬಂದು ನಿಂತರು.

“ಅಕ್ಕ, ತಪ್ಪು ತಿಳ್ಕೋಬೇಡಿ. ಬಾಕ್ಸು ನಿಮ್ಮನೆಗೆ ಹೋಗಿತ್ತು ಅಲ್ವಾ?”

“ನೀವೇ ತಂದ್ರಲ್ಲ ಸಾರ್, ನಿಮ್ ಕಾರಲ್ಲಿ.”

“ಹೋಗಿತ್ತಾ ಇಲ್ವಾ? ಅಷ್ಟು ಹೇಳಿ.”

“ಓಗಿತ್ತು.”

ಸರ್ ಫೋನ್ ತೆಗೆದು ಫೋಟೊ ತೋರಿಸಿದರು. ಗಳಗಳ ಕೆಳಗೆ ಬಾಕ್ಸಿನ ಪಕ್ಕ ನಿಂತು ಹಲ್ಲು ಬಿಟ್ಟಿದ್ದ ಅಕ್ಕ. ತೆಗೆದವರು ಯಾರೆಂದು ಫೋಟೊದಲ್ಲಿ ಕಾಣುವುದಿಲ್ಲವಲ್ಲ. ಪರಿಶೀಲಕರು ಬ್ಯಾಗಿನಿಂದ ಹತ್ತಿಯ ಕಡ್ಡಿ, ಒಂದು ಪುಟ್ಟ ಸೀಸೆ ತೆಗೆದರು. “ಕೈ ಚಾಚಿ” ಎಂದರು. ಅಕ್ಕ ಗ್ಲೌಸ್ ಕಳಚಿ ಎರಡೂ ಕೈ ಚಾಚಿದರು. ಅವರು ಒಂದೊಂದೇ ಬೆರಳನ್ನು ಒರೆಸಿದರು, ಉಗುರಿನ ಸಂದಿಯನ್ನೂ ಬಿಡದೆ. ಹತ್ತಿ ಹಳದಿಯಾಯಿತು. ಅದನ್ನು ಸೀಸೆಯಲ್ಲಿ ಅದ್ದಿದಾಗ ಬಣ್ಣ ತಿರುಗಿತು.

“ನಿಕೋಟಿನ್” ಎಂದರು.

ಅಕ್ಕನಿಗೆ ಸಿಟ್ಟು ಬಂತು. “ಮನೇಲಿ ಸೊಪ್ಪು ವಿಂಗಡ್ಸ್ತೀನಿ, ಕೈಗೆ ಬರದೆ ಇನ್ನೇನು ಕುಂಕುಮ ಬತ್ತದಾ? ಇಲ್ಲಿ ಗ್ಲೌಸ್ ಆಕ್ಕೊಂಡೇ ಮುಟ್ಟೋದು. ನಮ್ ಸೀಮೇಲಿ ಯಾರ್ ಕೈ ಒರೆಸಿದ್ರೂ ಇದೇಯ. ಅಳ್ಳಿಗೋಗಿ ದೇವಸ್ಥಾನದ ಗಂಟೆ ಒರೆಸಿ, ಅದ್ರಲ್ಲೂ ಬತ್ತದೆ.”

“ಸರ್ ಕೈಯನ್ನೂ ಒರೆಸಿ. ಅವರು ಸಿಗರೇಟು ಸೇದುತ್ತಾರೆ” ಎಂದೆ. “ಬ್ಯಾರನ್ನಿಗೆ ಒಯ್ಯಿರಿ ಅಂದದ್ದು ಅವರು. ಬಾಕ್ಸು ನನ್ನ ತೊಡೆಯ ಮೇಲಿತ್ತು. ಅಕ್ಕ ಆವತ್ತು ಬಸ್ಸಿನಲ್ಲಿ ಬಂದರು.”

ಪರಿಶೀಲಕರು ಸೀಸೆಯ ಮುಚ್ಚಳ ತಿರುಗಿಸಿ ಭದ್ರ ಮಾಡಿದರು. ಅಕ್ಕನನ್ನು ಹೊರಗೆ ಕಳುಹಿಸಿ ಆಮೇಲೆ ನನಗೆ ಹೇಳಿದರು: “ನನಗೆ ಗೊತ್ತಮ್ಮ. ಅಂಟನ್ನ ಆವಿ ಮಾಡೋ ಎಪ್ಪತ್ತು ಡಿಗ್ರಿ ಬಿಸಿ ಯಾರ ಬೆರಳಿನಿಂದಲೂ ಬರಲ್ಲ. ಆದ್ರೆ ನೋಡಿ, ಕಾರಣ ಕಂಪನಿ ಅಂತ ನಾನು ಬರೆದ್ರೆ ಈ ಕಟ್ಟಡದಲ್ಲಿ ಮಾಡಿದ ಯಾವುದೂ ಹಾರಲ್ಲ. ಕಾರಣ ಒಬ್ಬ ಕೆಲಸಗಾರ್ತಿ ಅಂತ ಬರೆದ್ರೆ ಆಕೆ ಮುದ್ರೆ ರದ್ದಾಗತ್ತೆ, ಬಾಕ್ಸ್ ಹಾರತ್ತೆ. ಬಾಕ್ಸನ್ನ ಬಿಚ್ಚಿ ಸರಿಮಾಡೋದಿದ್ದಿದ್ರೆ ಆಕೆ ಬೇಕಾಗ್ತಿತ್ತು. ಬಿಚ್ಚೋ ಹಾಗೇ ಇಲ್ಲ ಅಂತ ನೀವೇ ಮಾಡಿಕೊಟ್ರಲ್ಲ.”

ಈ ಮಾತು ನನ್ನನ್ನು ಈಗಲೂ ಸುಡುತ್ತದೆ. ಅಕ್ಕನನ್ನು ಉಳಿಸಿಕೊಳ್ಳಲೇಬೇಕಾಗಿದ್ದ ಒಂದೇ ಒಂದು ಕೆಲಸವನ್ನು ನಾನು ಜಾಣತನದಿಂದ ಇಲ್ಲವಾಗಿಸಿದ್ದೆ. “ಹಾಗಾದರೆ ಫೈಲ್ ಕೊಡುವುದಿಲ್ಲ” ಎಂದೆ. ಸರ್ ಮೃದುವಾಗಿ, “ಬೆಳಿಗ್ಗೆನೇ ಏರಿಸಿದ್ರಲ್ಲ” ಎಂದರು. ಕೋಣೆಯಲ್ಲಿ ಇದ್ದವರು ಮೂವರು. ಇಬ್ಬರು ಒಂದು ಹೇಳಿದರು, ಒಬ್ಬಳು ಇನ್ನೊಂದು ಹೇಳಿದೆ. ನನ್ನದು ತಳ್ಳಿಹೋಯಿತು.

ಹೊರಡುವ ಮುನ್ನ ಪರಿಶೀಲಕರು ಕಾರಿನ ಹತ್ತಿರ ನಿಂತು, ಸಮಾಧಾನಕ್ಕೆಂಬಂತೆ ಇನ್ನೊಂದು ಮಾತು ಹೇಳಿದರು: “ಮೇಲೆ ಹೋದ ಮೇಲೆ ಬಾಕ್ಸ್ ಕೆಟ್ಟರೆ ವಿಚಾರಣೆ ಮತ್ತೆ ತೆರೆಯತ್ತೆ. ಆಗ ನೀವು ಹೇಳಿದ್ದನ್ನ ಬರ್ಕೊಳ್ಳಲೇಬೇಕಾಗತ್ತೆ. ಕೆಡದಿದ್ದರೆ ಇದೇ ಕೊನೆ.”

ಮುದ್ರೆ ರದ್ದು ಮಾಡುವುದಕ್ಕೂ ವಿಧಾನವಿದೆ. ಅದನ್ನು ಹಿಂಪಡೆದು, ಒಬ್ಬ ಸಾಕ್ಷಿಯ ಎದುರು ತುಂಡು ಮಾಡಬೇಕು. ಸಾಕ್ಷಿಯಾಗಿ ಸರ್ ನನ್ನನ್ನೇ ಕರೆದರು. ಅಕ್ಕ ಮುದ್ರೆಯನ್ನು ಜೇಬಿನಿಂದ ತೆಗೆದು, ದಿನವೂ ಕೆಲಸ ಮುಗಿದಾಗ ಮಾಡುವಂತೆ ಬಟ್ಟೆಯಿಂದ ಒರೆಸಿದರು. “ಇಂಕು ಒಣಗ್ಬುಟ್ರೆ ಆಮೇಲೆ ಬುಡಲ್ಲ” ಎಂದರು, ಅಭ್ಯಾಸದಿಂದ. ಸರ್ ಕಟಿಂಗ್ ಪ್ಲೇಯರಿನಲ್ಲಿ ಅದನ್ನು ಎರಡು ಮಾಡಿ ಕಸದ ಬುಟ್ಟಿಗೆ ಹಾಕಿದರು. “ಊಟ ಮಾಡ್ಕೊಂಡು ಹೋಗಿ ಅಕ್ಕ” ಎಂದರು. ಅಕ್ಕ ಊಟ ಮಾಡಲಿಲ್ಲ. ಚಹಾದ ಅಂಗಡಿಯಲ್ಲಿ ನಿಂತಿದ್ದ ನಮ್ಮವರೆಲ್ಲ ಅವರು ಬರುವುದನ್ನು ಕಂಡು ಒಬ್ಬೊಬ್ಬರಾಗಿ ಫೋನಿನಲ್ಲಿ ಮುಖ ಹುದುಗಿಸಿದರು. ಅವರಿಗೂ ತಿಳಿದಿತ್ತು, ಅಕ್ಕ ಹೋದರೆ ತಾವು ಉಳಿಯುತ್ತೇವೆ ಎಂದು.

ಬಸ್ ಸ್ಟ್ಯಾಂಡಿನ ತನಕ ನಾನು ಜೊತೆಗೆ ಹೋದೆ. ಏನಾದರೂ ಹೇಳಲೇಬೇಕಿತ್ತು, ಪರಿಶೀಲಕರ 'ಕೆಟ್ಟರೆ' ಎಂಬ ಮಾತನ್ನು ಹೇಳಿದೆ. ಹೇಳಬಾರದಿತ್ತು. ಅಕ್ಕ ನಿಂತುಬಿಟ್ಟರು.

“ಕೆಟ್ರೆ ನನ್ ಎಸ್ರು ಸರಿಯಾಯ್ತದಾ?”

“ಆಗಬಹುದು.”

“ಅಂಗಾದ್ರೆ ಕೆಡ್ಲಿ ಬುಡು” ಎಂದು ಬಸ್ಸು ಹತ್ತಿದರು.

ಬಾಕ್ಸ್ ಹಾರಿತು. ಕೆಡಲಿಲ್ಲ. ಮೊದಲು ಬಂದ ಚಿತ್ರಗಳಲ್ಲೊಂದರಲ್ಲಿ ಕಬಿನಿಯ ಹಿನ್ನೀರು, ಕಾಕನಕೋಟೆಯ ಕಾಡು ಚೊಕ್ಕವಾಗಿ ಕಾಣುತ್ತಿತ್ತು. ಸರ್ ಅದಕ್ಕೆ ಫ್ರೇಮ್ ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದರು. ಅಕ್ಕನಿಗೆ ಮೈಸೂರಿನ ಎರಡು ಕಡೆ ಕೆಲಸ ಕೇಳಿಸಿದೆ. ರದ್ದಾದ ಮುದ್ರೆ ಎಂದು ಕೇಳಿದೊಡನೆ ಆಮೇಲೆ ತಿಳಿಸುತ್ತೇವೆ ಎಂದರು. ಅಕ್ಕ ಮನೆಯಲ್ಲಿ ಸೊಪ್ಪು ವಿಂಗಡಿಸುತ್ತಾ ಕೂತರು. ಅವರ ಊರಿನಲ್ಲಿ ಸುದ್ದಿಗೆ ಬೇರೆಯೇ ರೂಪ ಬಂದಿತ್ತು. ರಾಕೆಟ್ಟಿನ ಸಾಮಾನು ಕದ್ದು ಮನೆಗೆ ತಂದಿದ್ದಳಂತೆ ಎಂದು. ಫೋಟೊ ಎಲ್ಲರ ಫೋನಿನಲ್ಲೂ ಇತ್ತು.

ನಾನು ಕೆಲಸ ಬಿಡಲಿಲ್ಲ. ಬಾಕ್ಸ್ ಮೇಲಿತ್ತು, ಅದರೊಳಗನ್ನು ಬಲ್ಲವಳು ನಾನೊಬ್ಬಳೇ. ಆಗಾಗ ಅಕ್ಕ ಫೋನ್ ಮಾಡುತ್ತಿದ್ದರು. ಕುಶಲ ಏನೂ ಇಲ್ಲ, “ಸತ್ತೋಯ್ತಾ?” ಎಂದಷ್ಟೇ ಕೇಳುತ್ತಿದ್ದರು. ಇಲ್ಲ ಅಕ್ಕ ಎಂದರೆ ಇಟ್ಟುಬಿಡುತ್ತಿದ್ದರು.

ಮುಂದಿನ ವರ್ಷ ಸೊಪ್ಪು ಬೇಯಿಸುವ ಕಾಲಕ್ಕೆ ಬಾಕ್ಸ್ ಎಡವತೊಡಗಿತು. ಬಲಗಡೆಯ ಮೆಮೊರಿಯ ಒಂದು ಮೂಲೆಯಲ್ಲಿ ಎರರ್‌ಗಳು. ಬಾಕ್ಸ್ ತಾನಾಗಿ ರೀಸ್ಟಾರ್ಟ್ ಆಗುವುದು, ಸ್ವಲ್ಪ ಹೊತ್ತು ಓಡುವುದು, ಮತ್ತೆ ಬೀಳುವುದು. ಇನ್ನು ಸ್ಪೇರ್ ಇರಲಿಲ್ಲ. ವಾರದೊಳಗೆ ನೆಟ್ಟಗಾಗದಿದ್ದರೆ ಸತ್ತಿತೆಂದು ಘೋಷಿಸುತ್ತೇವೆ ಎಂದು ಗ್ರಾಹಕರು ಬರೆದರು. ಅದೇ ದಿನ ಅಕ್ಕನ ಫೋನ್ ಬಂತು. ಸತ್ತಿಲ್ಲ, ಸಾಯುತ್ತಾ ಇದೆ ಎಂದೆ.

“ನೀನು ಏನಾರ ಮಾಡುದ್ರೆ ಬದುಕ್ತದಾ?”

“ಬದುಕಬಹುದು.”

“ಸುಮ್ನಿರವ್ವ” ಎಂದರು. ಅವರು ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ನೀನೇನೂ ಕೆಡ್ಸ್ಬ್ಯಾಡ. ತಾನಾಗ್ ಸಾಯ್ತಾ ಅದೆ, ಸಾಯ್ಲಿ. ಒಂದ್ಸಲ ಸುಮ್ನಿರು.”

ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದೆ. ಏನೂ ಮಾಡದಿರುವುದಕ್ಕಿಂತ ಸುಲಭದ ನ್ಯಾಯ ಎಲ್ಲಿ ಸಿಕ್ಕೀತು? ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ವಿಚಾರಣೆ ತೆರೆಯುತ್ತಿತ್ತು, ಬ್ಯಾರನ್ ಎಂದು ನಾನು ಬರೆದುಕೊಡುತ್ತಿದ್ದೆ, ಸರ್ ಬೀದಿಗೆ ಬರುತ್ತಿದ್ದರು. ಆದರೆ ಆ ಬಾಕ್ಸ್ ಪ್ರತಿ ಸುತ್ತಿನಲ್ಲೂ ಬಿದ್ದು, ಎದ್ದು, ಎಲ್ಲಿ ನೋಯುತ್ತಿದೆಯೆಂದು ಕೆಳಗೆ ವರದಿ ಕಳುಹಿಸುತ್ತಿತ್ತು. ಅದನ್ನು ಓದಿ ಓದಿ ನನಗೆ ತಡೆಯಲಾಗಲಿಲ್ಲ. ಕೆಟ್ಟ ಮೂಲೆಯನ್ನು ಬೇಲಿ ಹಾಕಿ ಬಿಟ್ಟು, ಚಿತ್ರ ಹಿಡಿದಿಡುವ ಜಾಗವನ್ನು ಚಿಕ್ಕದು ಮಾಡಿ, ಹೊಸ ಜೋಡಣೆ ಕಟ್ಟಿದೆ. ಉಪಗ್ರಹ ನಮ್ಮ ಮೇಲೆ ಹಾದುಹೋಗುವ ಪ್ರತಿ ಸಲ ಫೈಲಿನ ಒಂದೊಂದು ತುಂಡನ್ನು ಮೇಲಕ್ಕೆ ಕಳುಹಿಸಿದೆವು. ಕೊನೆಯ ತುಂಡು ಸೇರಿದ ಮೇಲೆ ಚಿಪ್ ಹೊಸ ರೂಪದಲ್ಲಿ ಎದ್ದಿತು. ಎರರ್‌ಗಳು ನಿಂತವು. ಸರ್ ಸಿಹಿ ಹಂಚಿದರು.

ಫೋನಿನಲ್ಲಿ ಹೇಳುವ ಧೈರ್ಯವಾಗದೆ ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಬ್ಯಾರನ್ನಿನ ಒಲೆ ಉರಿಯುತ್ತಿತ್ತು. ಅಕ್ಕ ಅದರ ನೆರಳಿನಲ್ಲಿ ಕೂತು ಬೆಂದ ಸೊಪ್ಪನ್ನು, ಬೇಯಿಸಲು ಕಟ್ಟಿದ್ದ ಉದ್ದನೆಯ ಕಡ್ಡಿಯಿಂದ ಬಿಚ್ಚುತ್ತಿದ್ದರು. ನನ್ನ ಮುಖ ಕಂಡೊಡನೆ ಎದ್ದು ನಿಂತರು.

“ಸತ್ತೋಯ್ತಾ?”

“ಇಲ್ಲ ಅಕ್ಕ. ನಾನು ಸರಿ ಮಾಡಿದೆ.”

ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಅವರು ಮತ್ತೆ ಕೂತು, ಹಳದಿಗಟ್ಟಿದ ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಇಷ್ಟು ಸಲ ಬಿದ್ದೆದ್ರೂ ಒಂದ್ ಪಿನ್ನೂ ಬಿಟ್ಕೊಂಡಿಲ್ವಾ ಒಳ್ಗೆ?”

“ಒಂದೂ ಇಲ್ಲ ಅಕ್ಕ.”

“ಅಷ್ಟು ಚೆಂದಾಗಿ ಸಾಲ್ಡ್ರಿಂಗ್ ಮಾಡ್ಬಾರ್ದಾಗಿತ್ತು ಕಣವ್ವ ನಾನು” ಎಂದು, ಪಕ್ಕದ ಕಡ್ಡಿಯನ್ನು ಮಡಿಲಿಗೆ ಎಳೆದುಕೊಂಡರು.